ಬೋರ್ ಒಂದೇ ಇದ್ದರೆ ಸಾಲದು: ಪಿಸ್ಟನ್‌ಗೆ ರಾಡ್ ಹೊಂದಿಸುವ ಬಗೆ

ಪುಣೆಯ ನಾನಾ ಪೇಠ್‌ಗೆ ಹೋಗಿ ಪಿಸ್ಟನ್ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ "ಕುಠಲಿ ಗಾಡಿ?" (ಯಾವ ಗಾಡಿ?) ಎರಡನೆಯದು, ಎಷ್ಟು ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಎಷ್ಟು ದಪ್ಪ ಅಂತ. ಇಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ ಇಷ್ಟು ಸಾಕು. ಆದರೆ ಪಿಸ್ಟನ್ ಒಂದು ಕಡೆಯಿಂದ, ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್) ಇನ್ನೊಂದು ಕಡೆಯಿಂದ ತಂದು ಇಂಜಿನ್ ಕಟ್ಟುವವರು ಇವೆರಡೇ ಪ್ರಶ್ನೆ ನಂಬಿ ದುಡ್ಡು ಕೊಡಬೇಡಿ. ನಾನು ಕೊಟ್ಟಿದ್ದೆ.

ನನ್ನದು ಹಳೇ ಮಾರುತಿ ಎಸ್ಟೀಮ್ ಕಾರು. 1298 ಸಿಸಿ, ಬೋರ್ (ಸಿಲಿಂಡರಿನ ಒಳಗಿನ ಅಗಲ) 74 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5. ಬೋರಿಗೆ ಸರಿಯಾದ ಪಿಸ್ಟನ್ ಸಿಕ್ಕಿತು, ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನೂ ಕೂತಿತು, ಭೋಸರಿಯ ಗ್ಯಾರೇಜಿನಲ್ಲಿ ಖುಷಿಯಿಂದ ಜೋಡಿಸಿಯೂ ಆಯ್ತು. ಹೆಡ್ ಇಡುವ ಮುಂಚೆ ಸುಮ್ನೆ ಒಮ್ಮೆ ಕ್ರ್ಯಾಂಕ್ ತಿರುಗಿಸಿದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ, ಹಳೇ ಪಿಸ್ಟನ್ ನಿಲ್ಲುತ್ತಿದ್ದ ಜಾಗಕ್ಕಿಂತ ಒಂದು ಮಿಮೀ ಕೆಳಗೇ ನಿಂತಿತ್ತು.

ಒಂದು ಮಿಮೀ ತಾನೇ ಅನ್ನಿಸುತ್ತೆ ಅಲ್ವಾ? 74ರ ಬೋರಿನಲ್ಲಿ ಅದು 4.3 ಸಿಸಿ ಜಾಗ, ಒಂದು ಟೀ ಚಮಚದಷ್ಟೂ ಇಲ್ಲ. ಆದರೆ ಈ ಇಂಜಿನ್ನಿನ ಒಂದು ಸಿಲಿಂಡರ್ 324.7 ಸಿಸಿ. ಕಂಪ್ರೆಷನ್ (ಒಳಗಿನ ಗಾಳಿ ಎಷ್ಟು ಪಟ್ಟು ಒತ್ತಿಹೋಗುತ್ತೆ ಅನ್ನುವ ಲೆಕ್ಕ) 9.5 ಬೇಕಾದರೆ ಪಿಸ್ಟನ್ ಮೇಲೆ ಉಳಿಯಬೇಕಾದ ಜಾಗ 38.2 ಸಿಸಿ ಮಾತ್ರ. ಅದಕ್ಕೆ ಈ 4.3 ಸೇರಿಸಿ ನೋಡಿ, ಕಂಪ್ರೆಷನ್ 8.6ಕ್ಕೆ ಇಳಿಯುತ್ತೆ. ಅಷ್ಟು ಖರ್ಚು ಮಾಡಿ ಮೊದಲಿಗಿಂತ ಸೋಮಾರಿ ಇಂಜಿನ್!

ತಪ್ಪು ಇದ್ದದ್ದು ಕಂಪ್ರೆಷನ್ ಹೈಟ್‌ನಲ್ಲಿ. ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯ ಚಪ್ಪಟೆ ಭಾಗದ ತನಕ ಇರುವ ಎತ್ತರಕ್ಕೆ ಹಾಗನ್ನುತ್ತಾರೆ. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈವರೆಗಿನ ಎತ್ತರದಲ್ಲಿ ಅರ್ಧ ಸ್ಟ್ರೋಕ್, ರಾಡಿನ ಉದ್ದ, ಕಂಪ್ರೆಷನ್ ಹೈಟ್, ಈ ಮೂರೂ ಹಿಡಿಯಬೇಕು. ಲೆಕ್ಕಕ್ಕೆ ಬ್ಲಾಕ್ 190 ಮಿಮೀ, ರಾಡ್ 120 ಅಂತಿಟ್ಟುಕೊಳ್ಳಿ. ಅರ್ಧ ಸ್ಟ್ರೋಕ್ 37.75. ಎರಡನ್ನೂ ಕಳೆದರೆ 32.25 ಉಳಿಯುತ್ತೆ, ಪಿಸ್ಟನ್ ಬ್ಲಾಕಿಗೆ ಸಮ ನಿಲ್ಲಬೇಕಾದರೆ ಅದೇ ಕಂಪ್ರೆಷನ್ ಹೈಟ್. ರಾಡ್ 3 ಮಿಮೀ ಉದ್ದ ಮಾಡಿದರೆ ಪಿಸ್ಟನ್ ಅಷ್ಟೇ ಗಿಡ್ಡ ಆಗಬೇಕು. ನಿಮ್ಮ ಬ್ಲಾಕ್ ಹಿಂದೆ ಎಂದಾದರೂ ಫೇಸಿಂಗ್ ಆಗಿದ್ದರೆ (ಮೇಲ್ಮೈ ತರಿದು ಸಮ ಮಾಡಿಸಿದ್ದರೆ) ಎತ್ತರ ಕಡಿಮೆಯಾಗಿರುತ್ತೆ, ಆದ್ದರಿಂದ ಪುಸ್ತಕದ ಅಂಕಿ ಬಿಟ್ಟು ಅಳೆದ ಅಂಕಿ ಹಿಡಿಯಿರಿ.

ಇನ್ನು ಪಿನ್. ದಪ್ಪ ಒಂದೇ ಇದ್ದರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಪ್ರೆಸ್ ಫಿಟ್ ರಾಡಿನಲ್ಲಿ ಬುಷ್ ಇರಲ್ಲ, ರಾಡೇ ಪಿನ್ನನ್ನು ಬಿಗಿಯಾಗಿ ಹಿಡಿದಿರುತ್ತೆ. ಫ್ಲೋಟಿಂಗ್ (ಪಿನ್ ಸಡಿಲವಾಗಿ ತಿರುಗುವ ಬಗೆ) ಆದರೆ ರಾಡಿನಲ್ಲಿ ಬುಷ್ ಇರುತ್ತೆ, ಪಿಸ್ಟನ್ನಿನ ಎರಡೂ ಕಡೆ ಪಿನ್ ಸರಿಯದಂತೆ ತಡೆಯುವ ಸರ್ಕ್ಲಿಪ್ ಕೂರಲು ತೋಡು ಇರುತ್ತೆ. ಬುಷ್ ಇರುವ ರಾಡಿಗೆ ಸರ್ಕ್ಲಿಪ್ ತೋಡು ಇಲ್ಲದ ಪಿಸ್ಟನ್ ಹಾಕಿದಿರೋ, ಪಿನ್ ಮೆಲ್ಲಗೆ ಹೊರಗೆ ಸರಿದು ಸಿಲಿಂಡರ್ ಗೋಡೆಯನ್ನು ಉಳಿಯಂತೆ ಕೆತ್ತುತ್ತೆ. ರಾಡಿನ ಸಣ್ಣ ತುದಿಯ ಅಗಲ ಪಿಸ್ಟನ್ ಒಳಗಿನ ಸಂದಿಗೆ ಹೋಗುತ್ತಾ ಅಂತಲೂ ಅಂಗಡಿಯಲ್ಲೇ ಇಟ್ಟು ನೋಡಿ.

ದೊಡ್ಡ ತುದಿಯಲ್ಲಿ ನೋಡಬೇಕಾದ್ದು ಕ್ರ್ಯಾಂಕ್ ಜರ್ನಲ್‌ನ (ರಾಡ್ ಕೂರುವ ಭಾಗದ) ದಪ್ಪ, ಅಗಲ, ಬೇರಿಂಗ್ ಶೆಲ್. ಒಂದು ರಾಡಿನ ಕ್ಯಾಪ್ (ದೊಡ್ಡ ತುದಿಯ ಬಿಚ್ಚುವ ಅರ್ಧ) ಇನ್ನೊಂದಕ್ಕೆ ಯಾವತ್ತೂ ಹಾಕಬೇಡಿ.

ಪಿಸ್ಟನ್ ತಲೆ ಉಬ್ಬಿದೆಯಾ, ತಗ್ಗಿದೆಯಾ, ವಾಲ್ವ್ ಗುಂಡಿಗಳು ನಿಮ್ಮ ಹೆಡ್‌ಗೆ ಸರಿಯಾಗಿ ಬರುತ್ತವಾ ಅಂತ ನೋಡಲು ಮಕ್ಕಳ ಕ್ಲೇ ಸಾಕು. ತಲೆಯ ಮೇಲೆ ಕ್ಲೇ ಅಂಟಿಸಿ, ಹೆಡ್ ಕೂರಿಸಿ, ಟೈಮಿಂಗ್ ಬೆಲ್ಟ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದು ಬ್ಲೇಡಿನಿಂದ ಕ್ಲೇ ಕೊಯ್ದು ಅತಿ ತೆಳುವಾದ ಕಡೆ ಅಳೆಯಿರಿ. ಇನ್‌ಟೇಕ್ ಕಡೆ 2 ಮಿಮೀ, ಎಕ್ಸಾಸ್ಟ್ ಕಡೆ 2.5 ಇದ್ದರೆ ನಿದ್ದೆ ಬರುತ್ತೆ. ಹಾಗೇ ಪಿಸ್ಟನ್ ಪೂರ್ತಿ ಕೆಳಗೆ ಬಂದಾಗ ಅದರ ಸ್ಕರ್ಟ್ (ಕೆಳಗಿನ ಅಂಚು) ಕ್ರ್ಯಾಂಕಿನ ತೂಕದ ಭಾಗಕ್ಕೆ ತಾಗುತ್ತಾ ಅಂತ ಬಗ್ಗಿ ನೋಡಿ. ಯಾರೂ ನೋಡಲ್ಲ.

ಫೋರ್ಜ್ಡ್ (ಎರಕ ಹೊಯ್ಯದೆ ಒತ್ತಿ ಮಾಡಿದ) ಪಿಸ್ಟನ್ ಬೇಕಾ? ಟರ್ಬೊ ಹಾಕದೆ ಬರೀ ಆಫೀಸಿಗೆ ಓಡಿಸುವ ಗಾಡಿಗೆ ನನ್ನ ಪ್ರಕಾರ ಬೇಡ, ಒಳ್ಳೆ ಕಾಸ್ಟ್ ಪಿಸ್ಟನ್ನೇ ಸಾಕು. ಹಾಕಲೇಬೇಕಾದರೆ 4032 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ್ದು ನೋಡಿ. ಅದರಲ್ಲಿ ಸಿಲಿಕಾನ್ ಸುಮಾರು 12 ಪರ್ಸೆಂಟ್, ಕಾದಾಗ ಕಡಿಮೆ ಹಿಗ್ಗುತ್ತೆ. 2618 ಅನ್ನುವ ಇನ್ನೊಂದು ಮಿಶ್ರಲೋಹ ಹೊಡೆತ ಚೆನ್ನಾಗಿ ತಾಳುತ್ತೆ, ಆದರೆ ಜಾಸ್ತಿ ಹಿಗ್ಗುವುದರಿಂದ ಸಡಿಲ ಕೂರಿಸಬೇಕು, ಡಿಸೆಂಬರ್ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಿಸಿಯಾಗುವ ತನಕ ಟಕಟಕ ಸದ್ದು. ಸೊಸೈಟಿಯವರೆಲ್ಲ ಇಂಜಿನ್ ಹೋಯ್ತು ಅನ್ನುತ್ತಾರೆ.

ತೂಕವನ್ನು ಪಿನ್ ಸಮೇತ ಗ್ರಾಂ ಲೆಕ್ಕದಲ್ಲಿ ಹೊಂದಿಸಿ. ರಾಡಿನ ಒಟ್ಟು ತೂಕ ಒಂದೇ ಬಂದರೂ ಎರಡು ತುದಿಗಳ ತೂಕ ಬೇರೆ ಬೇರೆ ಇರಬಹುದು, ಒಂದು ತುದಿ ತೂಗುಹಾಕಿ ಇನ್ನೊಂದನ್ನು ತಕ್ಕಡಿಯ ಮೇಲಿಟ್ಟು ತೂಗಿ.

ಪಿಸ್ಟನ್ ಕೈಗೆ ಬಂದ ಮೇಲೆಯೇ ಬ್ಲಾಕ್ ಬೋರಿಂಗ್‌ಗೆ ಕೊಡಿ. ಅರ್ಧ ಮಿಮೀ ಓವರ್‌ಸೈಜ್ ಮಾಡಿದರೆ 1298 ಇದ್ದದ್ದು 1316 ಆಗುತ್ತೆ, ಅಷ್ಟೇ. ಅದರಿಂದ ಪವರ್ ಬರುತ್ತೆ ಅನ್ನುವವರ ಹತ್ತಿರ ವಾದ ಮಾಡಬೇಡಿ. ನಾಲ್ಕೂ ಪಿಸ್ಟನ್ ಲೇತ್‌ನವರಿಗೆ ಕೊಟ್ಟು, ಒಂದೊಂದಕ್ಕೂ ನಂಬರ್ ಬರೆದು, ಆಯಾ ಪಿಸ್ಟನ್ನಿಗೆ ತಕ್ಕಂತೆ ಆಯಾ ಬೋರ್ ಹೋನಿಂಗ್ ಮಾಡಿ (ಕಲ್ಲಿನಿಂದ ನಯವಾಗಿ ಉಜ್ಜಿ ಅಳತೆಗೆ ತನ್ನಿ) ಅಂತ ಹೇಳಿ. ವಾಪಸ್ ಬಂದ ಮೇಲೆ ರಿಂಗನ್ನು ಅದರದೇ ಬೋರಿನೊಳಗೆ ನೆಟ್ಟಗೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. ಟರ್ಬೊ ಇಲ್ಲದ 74ರ ಬೋರಿಗೆ ಮೇಲಿನ ರಿಂಗಿನ ಸಂದಿ 0.30 ಮಿಮೀ ಹತ್ತಿರ ಇರಲಿ.