ಸಣ್ಣ ಬೈಕಿನಲ್ಲಿ ಹೆಚ್ಚುವರಿ ಪೆಟ್ರೋಲ್ ಒಯ್ಯುವ ಮತ್ತು ಪರಿಕರ ಜೋಡಿಸುವ ಕ್ರಮ

ನೂರು ಸಿಸಿಯ ಬೈಕು ಸುಮಾರು 110 ಕಿಲೋ ತೂಗುತ್ತದೆ. ಅದರ ಎಂಜಿನ್ ಕೊಡುವುದು 8 ಅಶ್ವಶಕ್ತಿಯ ಆಸುಪಾಸು. ಅದರ ಬ್ರೇಕು, ಶಾಕ್ ಅಬ್ಸಾರ್ಬರ್, ಚೌಕಟ್ಟು, ಬ್ಯಾಟರಿ ಎಲ್ಲವೂ ಇಬ್ಬರು ಸವಾರರು ಮತ್ತು ಒಂದಿಷ್ಟು ಸಾಮಾನಿನ ಲೆಕ್ಕದಲ್ಲಿ ತಯಾರಾಗಿರುತ್ತವೆ. ಆದ್ದರಿಂದ ಇಂಥ ಬೈಕಿಗೆ ಏನನ್ನೇ ಸೇರಿಸಿದರೂ ಅದು ತೂಕದಲ್ಲಿಯೋ ಕರೆಂಟಿನಲ್ಲಿಯೋ ಜಾಗದಲ್ಲಿಯೋ ಬೇರೆ ಯಾವುದರ ಪಾಲನ್ನಾದರೂ ಕಿತ್ತುಕೊಳ್ಳುತ್ತದೆ. ದೊಡ್ಡ ಬೈಕಿನವರು ಯೋಚಿಸದೆ ಮಾಡಬಹುದಾದುದನ್ನು ಸಣ್ಣ ಬೈಕಿನವರು ಲೆಕ್ಕ ಹಾಕಿಯೇ ಮಾಡಬೇಕು.

ಮೊದಲನೆಯ ಲೆಕ್ಕವೆಂದರೆ ಹೆಚ್ಚುವರಿ ಪೆಟ್ರೋಲ್ ನಿಜಕ್ಕೂ ಬೇಕೇ ಎಂಬುದು. ಸ್ಪ್ಲೆಂಡರ್ ಪ್ಲಸ್ ಬೈಕಿನ ಟ್ಯಾಂಕಿನಲ್ಲಿ 9.8 ಲೀಟರ್ ಹಿಡಿಯುತ್ತದೆ. ಘಾಟಿ ರಸ್ತೆ, ಹಿಂಬದಿಯ ಸವಾರ, ಸಾಮಾನು ಎಲ್ಲವನ್ನೂ ಸೇರಿಸಿ ಲೀಟರಿಗೆ 45 ಕಿ.ಮೀ. ಮಾತ್ರ ಕೊಡುತ್ತದೆಂದು ಹಿಡಿದರೂ ತುಂಬಿದ ಟ್ಯಾಂಕಿನಲ್ಲಿ 440 ಕಿ.ಮೀ. ಹೋಗಬಹುದು. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ತಾಂಡಿಯಲ್ಲಿ ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಎಚ್ಚರಿಸುತ್ತಿದ್ದ ಫಲಕ ಸವಾರರ ನಡುವೆ ಹೆಸರುವಾಸಿಯಾದುದು. ಆ ದೂರವೂ ಲೆಕ್ಕದ ಪ್ರಕಾರ ಒಂದು ಟ್ಯಾಂಕಿನೊಳಗೇ ಮುಗಿಯುತ್ತದೆ. ಹೀಗಿರುವಾಗ ಬಿಸಿಲೆ ಘಾಟಿಗೋ ಆಗುಂಬೆಗೋ ಹೊರಟವರು ಕ್ಯಾನ್ ಕಟ್ಟಿಕೊಳ್ಳುವುದಕ್ಕಿಂತ ಸಕಲೇಶಪುರದಲ್ಲೋ ತೀರ್ಥಹಳ್ಳಿಯಲ್ಲೋ ಟ್ಯಾಂಕ್ ತುಂಬಿಸಿಕೊಳ್ಳುವುದು ಸರಿಯಾದ ಉಪಾಯ. ನಮ್ಮಲ್ಲಿ ದಾರಿಯಲ್ಲಿ ಪೆಟ್ರೋಲ್ ಖಾಲಿಯಾಗಿ ಬೈಕು ತಳ್ಳುವವರಲ್ಲಿ ಹೆಚ್ಚಿನವರು ಬಂಕಿನಲ್ಲಿ ‘ನೂರು ರೂಪಾಯಿಗೆ ಹಾಕಿ’ ಎನ್ನುವವರೇ. ಲೀಟರಿನ ದರ ನೂರು ದಾಟಿದ ಮೇಲೆ ಆ ಮಾತಿಗೆ ಒಂದು ಲೀಟರೂ ಬರುವುದಿಲ್ಲ.

ಹೆಚ್ಚುವರಿ ಪೆಟ್ರೋಲ್ ಬೇಕಾಗುವವರು ಬೇರೆಯೇ ಇದ್ದಾರೆ. ಟಿವಿಎಸ್ ಎಕ್ಸ್‌ಎಲ್ 100 ಗಾಡಿಯ ಟ್ಯಾಂಕಿನಲ್ಲಿ ಹಿಡಿಯುವುದು 4 ಲೀಟರ್ ಮಾತ್ರ. ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಬಂಕ್ ದೂರವಿರುವುದರಿಂದ ಹುಲ್ಲು ಹೊಡೆಯುವ ಯಂತ್ರಕ್ಕೂ ಔಷಧಿ ಹೊಡೆಯುವ ಪಂಪಿಗೂ ಬೇಕಾದ ಪೆಟ್ರೋಲ್ ತೋಟಕ್ಕೆ ಬರುವುದು ಬೈಕಿನ ಮೇಲೆಯೇ. ಇವರಿಗೆ ಮುಂದಿನ ಸೂಚನೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಯಂತ್ರಕ್ಕೆಂದು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಎಣ್ಣೆ) ಬೆರೆಸಿದ ಪೆಟ್ರೋಲನ್ನು ಬೇರೆ ಬಣ್ಣದ ಕ್ಯಾನಿನಲ್ಲಿಟ್ಟು ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕು. ಕತ್ತಲಲ್ಲಿ ಅದೇ ಕ್ಯಾನು ಕೈಗೆ ಸಿಕ್ಕಿ ಬೈಕಿನ ಟ್ಯಾಂಕಿಗೆ ಹೋದರೆ ಸೈಲೆನ್ಸರಿನಿಂದ ಹೊಗೆಯೂ ಪ್ಲಗ್ಗಿನ ಮೇಲೆ ಮಸಿಯೂ ತಪ್ಪುವುದಿಲ್ಲ.

ಕ್ಯಾನಿಗೆ ಮೊದಲು ರಿಸರ್ವ್ ಬಗ್ಗೆ ಒಂದು ಮಾತು ಹೇಳಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳಲ್ಲಿ ಟ್ಯಾಂಕಿನ ಕೆಳಗಿನ ನಲ್ಲಿ ‘ಆನ್’ ಸ್ಥಾನದಲ್ಲಿದ್ದಾಗ ಪೆಟ್ರೋಲ್ ಟ್ಯಾಂಕಿನ ಒಳಗೆ ಮೇಲೆದ್ದಿರುವ ಕೊಳವೆಯ ಬಾಯಿಂದ ಬರುತ್ತದೆ. ಮಟ್ಟ ಆ ಬಾಯಿಗಿಂತ ಕೆಳಗಿಳಿದಾಗ ‘ರಿಸರ್ವ್’ಗೆ ತಿರುಗಿಸಿದರೆ ತಳದಲ್ಲಿ ಉಳಿದದ್ದು ಸಿಗುತ್ತದೆ. ಬಂಕಿನಲ್ಲಿ ತುಂಬಿಸಿದ ಮೇಲೆ ನಲ್ಲಿಯನ್ನು ಮತ್ತೆ ‘ಆನ್’ಗೆ ತಿರುಗಿಸುವುದನ್ನು ಮರೆತವರಿಗೆ ಮುಂದಿನ ಸಲ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆಯ ಮಿತಿಯ ಹೊಸ ಮಾನದಂಡ) ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್ ಇರುವವು. ಅವುಗಳ ಪಂಪು ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಇದ್ದು ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ; ಪದೇಪದೇ ಟ್ಯಾಂಕ್ ಬರಿದಾಗುವವರೆಗೆ ಓಡಿಸಿದರೆ ಪಂಪು ಬೇಗ ಕೆಡುತ್ತದೆ. ಕ್ಯಾನು ಬೆನ್ನಿಗಿದೆ ಎಂಬ ಧೈರ್ಯದಲ್ಲಿ ಇಂಥ ಬೈಕನ್ನು ಕೊನೆಯ ಹನಿಯವರೆಗೆ ಓಡಿಸುವುದಕ್ಕಿಂತ, ಗೇಜಿನ ಕೊನೆಯ ಗೆರೆ ಮಿನುಗತೊಡಗಿದ ಕೂಡಲೇ ನಿಲ್ಲಿಸಿ ಸುರಿದುಕೊಳ್ಳುವುದು ಒಳ್ಳೆಯದು.

ಕ್ಯಾನಿನ ಆಯ್ಕೆ

1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಮಿನ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರಿನವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು, ಒಯ್ಯಬಹುದು. ಆದರೆ ಪಾತ್ರೆಯ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿದೆ: ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯೇ ಆಗಬೇಕು, ಗಾಜು ಮತ್ತು ಪಿಂಗಾಣಿಗೆ 1 ಲೀಟರ್, ಲೋಹಕ್ಕೆ 25 ಲೀಟರ್ ಮಿತಿ. ಬೈಕಿನ ಮೇಲೆ ಗಾಜಿನ ಮಾತು ಆಡುವಂತೆಯೇ ಇಲ್ಲವಾದ್ದರಿಂದ ಉಳಿಯುವುದು ಲೋಹದ ಕ್ಯಾನು. ನೀರಿನ ಬಾಟಲಿಯಂತೂ ಯಾವ ಲೆಕ್ಕದಲ್ಲೂ ಸಲ್ಲದು. ಬಿಸಿಲಿಗೆ ಪೆಟ್ರೋಲಿನ ಆವಿ ಹೆಚ್ಚಿದಂತೆ ಅದರ ತೆಳು ಮೈ ಉಬ್ಬುತ್ತದೆ, ಮುಚ್ಚಳ ಒತ್ತಡ ತಡೆಯುವುದಿಲ್ಲ, ಸುರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತು ನೆಲಕ್ಕೆ ಇಳಿದುಹೋಗಲು ದಾರಿಯೂ ಇರುವುದಿಲ್ಲ. ಬಂಕಿನವರು ಬಾಟಲಿಗೆ ಹಾಕುವುದಿಲ್ಲ ಎಂದರೆ ವಾದಕ್ಕೆ ನಿಲ್ಲಬಾರದು.

ಸಣ್ಣ ಬೈಕಿಗೆ 2 ಲೀಟರಿನ ಕ್ಯಾನು ಸಾಕು. ಹತ್ತರಲ್ಲಿ ಒಂದು ಭಾಗ ಖಾಲಿ ಬಿಟ್ಟು ತುಂಬಿಸಿದರೂ ಅದು 80 ಕಿ.ಮೀ. ದೂರ ಸಾಗಿಸುತ್ತದೆ. ಕೊಂಡ ಕ್ಯಾನನ್ನು ಅದೇ ದಿನ ಬಳಸದೆ ಮೊದಲು ಪರೀಕ್ಷಿಸಬೇಕು: ನೀರು ತುಂಬಿ, ಮುಚ್ಚಳ ಬಿಗಿದು, ಒಣ ಪತ್ರಿಕೆಯ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ಇಡಬೇಕು. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಮುಚ್ಚಳದ ವಾಷರ್ ಬದಲಿಸಬೇಕು ಅಥವಾ ಕ್ಯಾನನ್ನೇ ಹಿಂದಿರುಗಿಸಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಕೆಲವು ಜಾತಿಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುವುದರಿಂದ ವಾಷರನ್ನು ಆಗಾಗ ಬೆರಳಿನಲ್ಲಿ ಒತ್ತಿ ನೋಡುವ ಅಭ್ಯಾಸವಿರಲಿ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಯ ನಂತರ ಕ್ಯಾನು ಒಳಗೆ ಪೂರ್ತಿ ಒಣಗಿರಬೇಕು, ಮಳೆಗಾಲದಲ್ಲಿ ಮುಚ್ಚಳ ತೆರೆದಿಡಬಾರದು, ತುಂಬಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಮೂಲೆಯಲ್ಲಿ ಇಡಲೂಬಾರದು.

ಕ್ಯಾನನ್ನು ಬೈಕಿನ ಮೇಲಿಟ್ಟುಕೊಂಡು ತುಂಬಿಸಬಾರದು. ನೆಲದ ಮೇಲಿಟ್ಟು, ಬಂಕಿನ ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡಿರುವಂತೆ ಹಿಡಿದು, ನಿಧಾನವಾಗಿ ಹಾಕಿಸಬೇಕು. ಹೀಗೆ ಮಾಡಿದರೆ ಸ್ಥಿರವಿದ್ಯುತ್ತು ಕಿಡಿಯಾಗದೆ ಹರಿದುಹೋಗುತ್ತದೆ. ಕಂಠಮಟ್ಟ ತುಂಬಿಸುವುದೂ ತಪ್ಪು. ಉಷ್ಣತೆ 10 ಡಿಗ್ರಿ ಏರಿದರೆ ಪೆಟ್ರೋಲಿನ ಗಾತ್ರ ಶೇ. 1ರಷ್ಟು ಹೆಚ್ಚುತ್ತದೆ, ಜೊತೆಗೆ ಆವಿಗೂ ಜಾಗ ಬೇಕು. ಹತ್ತರಲ್ಲಿ ಒಂದು ಭಾಗ ಖಾಲಿ ಬಿಡುವುದು ಸುರಕ್ಷಿತ.

ಎಲ್ಲಿ ಕಟ್ಟಬೇಕು

ಲೆಗ್ ಗಾರ್ಡಿಗೆ ಕ್ಯಾನು ಕಟ್ಟುವುದು ಈಚೆಗೆ ಶೋಕಿಯಾಗಿದೆ. ಬೈಕು ಬಿದ್ದಾಗ ಮೊದಲು ನೆಲ ಮುಟ್ಟುವುದು ಅದೇ ಭಾಗ, ಪಕ್ಕದಲ್ಲೇ ಕಾದ ಎಂಜಿನ್ ಮತ್ತು ಸೈಲೆನ್ಸರಿನ ಬೆಂಡು. ಪೆಟ್ರೋಲಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. ನಮ್ಮ ಸಣ್ಣ ಬೈಕುಗಳಲ್ಲಿ ಸೈಲೆನ್ಸರ್ ಸಾಮಾನ್ಯವಾಗಿ ಬಲಕ್ಕಿರುವುದರಿಂದ ಆ ಪಕ್ಕವೂ ಬೇಡ. ಉಳಿಯುವುದು ಎರಡು ಜಾಗ: ಸೀಟಿನ ಹಿಂದಿನ ಕ್ಯಾರಿಯರಿನ ನಡುಭಾಗ, ಇಲ್ಲವೇ ಎಡಗಡೆ ಸೀರೆ ಗಾರ್ಡಿನ ಹಿಂದೆ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಿದ ಸ್ಟ್ಯಾಂಡು. ಎರಡನೆಯದು ಕೆಳಮಟ್ಟದಲ್ಲಿರುವುದರಿಂದ ಹಿಂಬದಿ ಸವಾರರ ಕಾಲಿಗೆ ತಾಗದಿದ್ದರೆ ಅದೇ ಉತ್ತಮ.

ಕ್ಯಾನು ನೆಟ್ಟಗೆ ನಿಂತಿರಬೇಕು, ಮುಚ್ಚಳ ಮೇಲಿರಬೇಕು. ಕೊಕ್ಕೆಯ ರಬ್ಬರ್ ಹಗ್ಗ ಗುಂಡಿ ಹಾರುವಾಗ ಹಿಗ್ಗಿ ಕ್ಯಾನನ್ನು ಕುಣಿಸುತ್ತದೆ. ಹಿಗ್ಗದ ನೈಲಾನ್ ಪಟ್ಟಿಗಳನ್ನು ಎರಡು ಕಡೆ ಬಿಗಿಯಬೇಕು. ಲೋಹಕ್ಕೆ ಲೋಹ ತಾಗುವಲ್ಲೆಲ್ಲ ಹಳೆಯ ಟ್ಯೂಬಿನ ತುಂಡು ಇಡಬೇಕು, ಇಲ್ಲವಾದರೆ ಸಣ್ಣ ಎಂಜಿನಿನ ನಡುಕಕ್ಕೆ ಮೊದಲು ಬಣ್ಣ, ಆಮೇಲೆ ತಗಡು ಸವೆಯುತ್ತದೆ. ಮುಚ್ಚಿದ ಡಬ್ಬಿಯೊಳಗೆ, ಬಟ್ಟೆ ಊಟದ ಚೀಲದೊಳಗೆ ಕ್ಯಾನು ಇಡಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ಹೊರಹೋಗದೆ ತಳದಲ್ಲೇ ಕೂತು ಒಂದು ಕಿಡಿಗಾಗಿ ಕಾಯುತ್ತದೆ.

ಸುರಿಯುವಾಗ ಎಂಜಿನ್ ಆರಿಸಿ, ಸೈಲೆನ್ಸರಿನ ಕಾವು ಇಳಿಯುವವರೆಗೆ ತಾಳಿ, ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ ಒಳಗಿನ ಒತ್ತಡ ‘ಉಸ್’ ಎಂದು ಇಳಿದ ಮೇಲೆ ಪೂರ್ತಿ ತೆರೆಯಬೇಕು. ಬಲೆಯಿರುವ ಆಲಿಕೆ ಇಟ್ಟು ಸುರಿಯಬೇಕು. ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಮಾಡುವುದಾದರೆ ಟ್ಯಾಂಕ್ ಬರಿದು ಮಾಡಲೇಬೇಕು. ಆ ಪೆಟ್ರೋಲನ್ನು ಕ್ಯಾನಿಗೆ ತುಂಬಿ ಬೋಗಿಯೊಳಗೆ ತೆಗೆದುಕೊಂಡು ಹೋಗುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಜೈಲು ಶಿಕ್ಷೆಯವರೆಗೂ ಹೋಗಬಹುದಾದ ಅಪರಾಧ.

ಕ್ಯಾರಿಯರ್, ಬ್ಯಾಗು, ದೀಪ

ಕ್ಯಾರಿಯರ್ ಕೊಳ್ಳುವಾಗ ಬೈಕಿನ ಚೌಕಟ್ಟಿನಲ್ಲಿ ಈಗಾಗಲೇ ಇರುವ ಬೋಲ್ಟಿನ ರಂಧ್ರಗಳಿಗೆ ಕೂರುವಂಥದ್ದನ್ನೇ ಆರಿಸಬೇಕು. ಚೌಕಟ್ಟಿಗೆ ವೆಲ್ಡಿಂಗ್ ಮಾಡಿಸುವುದು ಬೇಡವೇ ಬೇಡ. ಕಾದ ಜಾಗದ ಪಕ್ಕದಲ್ಲೇ ಮುಂದೆ ಬಿರುಕು ಬಿಡುತ್ತದೆ. ಹೊರೆಯ ಮಿತಿ ಮಾಲೀಕರ ಕೈಪಿಡಿಯಲ್ಲಿರುತ್ತದೆ, ನೂರು ಸಿಸಿ ಬೈಕುಗಳಿಗೆ ಅದು 130 ಕಿಲೋದ ಆಸುಪಾಸು. 65 ಕಿಲೋದ ಇಬ್ಬರು ಕೂತರೆ ಅಲ್ಲಿಗೆ ಲೆಕ್ಕ ಮುಗಿಯಿತು, ಕ್ಯಾರಿಯರಿಗೂ ಬ್ಯಾಗಿಗೂ ಅದರಲ್ಲಿ ಪಾಲಿಲ್ಲ. ಒಂಟಿ ಸವಾರನಿಗೆ ಮಾತ್ರ ನಿಜವಾದ ಅವಕಾಶವಿದೆ. ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದಕ್ಕೆ ಹೋದ ಭಾರ ಮುಂದಿನ ಗಾಲಿಯನ್ನು ಹಗುರ ಮಾಡುತ್ತದೆ, ವೇಗದಲ್ಲಿ ಹ್ಯಾಂಡಲ್ ಅಲುಗತೊಡಗುತ್ತದೆ. ಭಾರದ ವಸ್ತುಗಳು ಸೈಡ್ ಬ್ಯಾಗಿನ ತಳದಲ್ಲಿ, ಹಗುರವಾದವು ಮೇಲೆ ಇರಲಿ. ಶಾಕ್ ಅಬ್ಸಾರ್ಬರನ್ನು ಒಂದೆರಡು ಹಂತ ಬಿಗಿಮಾಡಿ, ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರಿಗೆ ಹೇಳಿದ ಮಟ್ಟಕ್ಕೆ ಏರಿಸಬೇಕು. ಬ್ಯಾಗಿಗೂ ಸೈಲೆನ್ಸರಿಗೂ ನಡುವೆ ನಾಲ್ಕು ಬೆರಳಿನ ಅಂತರವಿದೆಯೇ, ಇಂಡಿಕೇಟರು, ನಂಬರ್ ಪ್ಲೇಟು ಮರೆಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಬ್ಯಾಗಿಗೆ ಜಾಗವಾಗಲೆಂದು ಸೀರೆ ಗಾರ್ಡ್ ಬಿಚ್ಚುವವರಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕೆನ್ನುತ್ತದೆ. ನಿಯಮದ ಮಾತು ಹಾಗಿರಲಿ, ಗಾಲಿಗೆ ಸಿಕ್ಕ ಸೆರಗು ಏನು ಮಾಡುತ್ತದೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ವಿದ್ಯುತ್ ಪರಿಕರಗಳಲ್ಲಿ ಮೊಬೈಲ್ ಚಾರ್ಜರ್ ನಿರುಪದ್ರವಿ. ಅದು ಬ್ಯಾಟರಿಯಿಂದ ಸೆಳೆಯುವುದು ಒಂದು ಆಂಪಿಯರ್ ಆಸುಪಾಸು. ಫಾಗ್ ಲ್ಯಾಂಪಿನದು ಹಾಗಲ್ಲ. 20 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ 3.3 ಆಂಪಿಯರ್ ಎಳೆಯುತ್ತವೆ. ಎಂಜಿನ್ ಆರಿಸಿ ಉರಿಸಿಟ್ಟರೆ 3 ಆಂಪಿಯರ್-ಅವರಿನ ಸಣ್ಣ ಬ್ಯಾಟರಿ ಒಂದು ಗಂಟೆಯೂ ಬಾಳದು. ಇಂಥ ದೀಪಕ್ಕೆ ಬೈಕಿನ ಮೂಲ ವೈರಿಂಗನ್ನು ಕತ್ತರಿಸದೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊತ್ತಿಸಿ ಆರಿಸುವ ಸ್ವಿಚ್ಚು; ಅದರ ಕಾಲುಗಳ ಮೇಲೆ ಸಂಖ್ಯೆ ಇರುತ್ತದೆ) ಮೂಲಕ ಸಂಪರ್ಕ ಕೊಡಬೇಕು: ಬ್ಯಾಟರಿಯ ಪಾಸಿಟಿವ್‌ನಿಂದ, ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿ, ರಿಲೇಯ 30ನೇ ಕಾಲಿಗೆ, 87ರಿಂದ ದೀಪಕ್ಕೆ, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಸ್ವಿಚ್ ಮೂಲಕ 86ಕ್ಕೆ, 85ರಿಂದ ಅರ್ತಿಂಗಿಗೆ (ಬೈಕಿನ ಚೌಕಟ್ಟಿಗೆ). ಹಳೆಯ ಬೈಕುಗಳಲ್ಲಿ ಹೆಡ್‌ಲೈಟಿಗೆ ಮ್ಯಾಗ್ನೆಟೊದಿಂದ (ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಭಾಗ) ನೇರವಾಗಿ ಎಸಿ ಕರೆಂಟು ಹೋಗುವುದುಂಟು. ಆ ವೈರಿಗೆ ಚಾರ್ಜರನ್ನೋ ಎಲ್‌ಇಡಿಯನ್ನೋ ಸೇರಿಸಿದರೆ ಸುಟ್ಟುಹೋದೀತು.

ಜೋಡಣೆ ಮುಗಿದ ಮೇಲೆ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದು ನೋಡಬೇಕು. ಎಂಜಿನ್ ಆರಿದ್ದಾಗ 12.5 ವೋಲ್ಟಿನ ಮೇಲೆ, ಎಲ್ಲ ದೀಪ ಉರಿಸಿ ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ 13.5 ವೋಲ್ಟಿನ ಮೇಲೆ ತೋರಿಸಿದರೆ ಬೈಕಿಗೆ ಆ ಹೊರೆ ತಡೆಯುತ್ತದೆ. 13ಕ್ಕಿಂತ ಕೆಳಗಿಳಿದರೆ ಒಂದು ದೀಪ ಕಡಿಮೆ ಮಾಡಬೇಕು. ದೊಡ್ಡ ಬ್ಯಾಟರಿ ಹಾಕಿಸಿದರೆ ಸರಿಹೋಗುತ್ತದೆಂಬ ಮೆಕ್ಯಾನಿಕ್ಕುಗಳ ಸಲಹೆಯಲ್ಲಿ ಹುರುಳಿಲ್ಲ. ಕರೆಂಟು ಹುಟ್ಟುವುದು ಮ್ಯಾಗ್ನೆಟೊದಲ್ಲಿ, ಅದು ಮೊದಲಿನಷ್ಟೇ ಇರುತ್ತದೆ.

ನಾನಾ ಸ್ವರದ ಹಾರ್ನ್ ಅದೇ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದಂತೆ ನಿಷಿದ್ಧ. ದೊಡ್ಡ ಟ್ಯಾಂಕ್ ಕೂರಿಸುವುದು, ಸೈಲೆನ್ಸರ್ ಬದಲಿಸುವುದು ಮೊದಲಾದವಕ್ಕೆ ಕೈಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಬದಲಾವಣೆಯನ್ನು ತಡೆಯುತ್ತದೆ, 182ಎ ಕಲಮು ಅಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಜೈಲನ್ನೋ ಅಥವಾ ಎರಡನ್ನೂ ಹೇಳುತ್ತದೆ.

ಹೊರಡುವ ಮುನ್ನ ಬೈಕನ್ನು ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಬೇಕು. ಹಾಗೆ ತಿರುಗಿಸುವಾಗ ಎಂಜಿನಿನ ಸದ್ದು ಏರಿದರೆ ಹೊಸ ವೈರು ಆಕ್ಸಿಲರೇಟರ್ ಕೇಬಲನ್ನು ಎಳೆಯುತ್ತಿದೆ ಎಂದರ್ಥ. ದೀಪ ಮಿನುಗಿದರೆ ಎಲ್ಲೋ ಸಂಪರ್ಕ ಸಡಿಲವಿದೆ. ಮೊದಲ 50 ಕಿ.ಮೀ. ಆದ ಮೇಲೆ ಸ್ಪ್ಯಾನರ್ ಹಿಡಿದು ಕ್ಯಾರಿಯರಿನ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಯಬೇಕು, ಕ್ಯಾನಿನ ಮುಚ್ಚಳದ ಸುತ್ತ ಬೆರಳಾಡಿಸಿ ಮೂಸಿ ನೋಡಬೇಕು.