ಶಾಲೆಯ ಎಮರ್ಜೆನ್ಸಿ ಕಾರ್ಡಿನಲ್ಲಿ ಎರಡು ಹೆಸರು ಜಾಸ್ತಿ ಬರೆಯಿರಿ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ವೀಸಾ, ಸೋಷಿಯಲ್ ಸೆಕ್ಯುರಿಟಿ, ಲೈಸೆನ್ಸ್ ಇವನ್ನೆಲ್ಲ ಕಂಪನಿಯವರು ಹೇಳಿಕೊಡುತ್ತಾರೆ. ಇಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ತೋರಿಸುವ ಐ-94 ದಾಖಲೆಯ ಕೊನೆಯ ತಾರೀಕನ್ನು ಮಾತ್ರ ನೀವೇ ನೋಡಿಕೊಳ್ಳಿ, ಮಕ್ಕಳದ್ದೂ ಸೇರಿಸಿ. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಐ-94 ಕೂಡ ಅದೇ ದಿನಕ್ಕೆ ಮುಗಿಯಬಹುದು.

ನಾನು 2004ರಲ್ಲಿ ಅರಸೀಕೆರೆಯಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದವಳು. ಮಗಳನ್ನು ಶಾಲೆಗೆ ಸೇರಿಸಿದಾಗ ಒಂದು ಎಮರ್ಜೆನ್ಸಿ ಕಾರ್ಡ್ ಕೊಟ್ಟರು. ಅಪ್ಪ ಅಮ್ಮ ಬರದಿದ್ದರೆ ಮಗುವನ್ನು ಯಾರ ಜೊತೆ ಕಳಿಸಬೇಕು ಅಂತ ಅದರಲ್ಲಿ ಕೇಳಿದ್ದರು. ಆ ಸಾಲುಗಳನ್ನು ಖಾಲಿ ಬಿಟ್ಟೆ. ನಮ್ಮೂರಲ್ಲಿ ಅಮ್ಮ ಬರೋದು ತಡವಾದರೆ ಪಕ್ಕದ ಮನೆಯವರು ಕರೆದು ಅನ್ನ ಸಾರು ಹಾಕುತ್ತಿದ್ದರು. ಅದನ್ನು ಬರೆದುಕೊಡಬೇಕು ಅಂತ ನನಗೆ ತೋಚಲಿಲ್ಲ.

2018ರಲ್ಲಿ ಟೆಕ್ಸಾಸ್ ಗಡಿಯ ಸುದ್ದಿಯನ್ನು ಎಲ್ಲರೂ ನೋಡಿದೆವು. ಅನುಮತಿ ಇಲ್ಲದೆ ಗಡಿ ದಾಟಿದ ಅಪ್ಪ ಅಮ್ಮನ ಮೇಲೆ ಕೇಸು ಹಾಕಿ, ಮಕ್ಕಳನ್ನು ಬೇರೆ ಕಡೆ ಕಳಿಸಿದರು. 2017, 2018ರಲ್ಲಿ ಹೀಗೆ ಬೇರೆಯಾದ ಮಕ್ಕಳು ಸಾವಿರಾರು. ಯಾವ ಮಗು ಯಾರದ್ದು ಅಂತ ಸರಿಯಾದ ಲೆಕ್ಕವನ್ನೂ ಇಟ್ಟಿರಲಿಲ್ಲ. ಜೂನ್ 26ರಂದು ಸ್ಯಾನ್ ಡಿಯೇಗೋದ ನ್ಯಾಯಾಧೀಶ ಡಾನಾ ಸಬ್ರಾ ಅವರು, 5 ವರ್ಷದೊಳಗಿನವರನ್ನು 14 ದಿನದಲ್ಲಿ, ಉಳಿದವರನ್ನು 30 ದಿನದಲ್ಲಿ ಅಪ್ಪ ಅಮ್ಮನ ಜೊತೆ ಸೇರಿಸಿ ಎಂದು ಆದೇಶ ಕೊಟ್ಟರು. ವರ್ಷಗಳು ಕಳೆದರೂ ಎಷ್ಟೋ ಮಕ್ಕಳು ಸೇರಿರಲಿಲ್ಲ.

ಆ ನವೆಂಬರಿನ ರಾಜ್ಯೋತ್ಸವದ ಊಟದಲ್ಲಿ ಈ ಮಾತು ಬಂತು. "ಕಾಗದ ಸರಿ ಇಲ್ಲದೆ ಇದ್ದರೆ ಹೀಗೇ ಆಗೋದು, ಅಲ್ವಾ" ಅಂದೆ. ನನ್ನ ಪಂಕ್ತಿಯಲ್ಲೇ ಒಬ್ಬಳು ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು. ಅವರ ಮನೆಯವರ ವೀಸಾ ಅಷ್ಟರಲ್ಲಾಗಲೇ ಮುಗಿದಿತ್ತು.

ಮುಂದಿನ ವರ್ಷ ಒಂದು ಬೆಳಿಗ್ಗೆ ಅವಳ ಗಂಡನನ್ನು ಇಮಿಗ್ರೇಷನ್‌ನವರು ಹಿಡಿದುಕೊಂಡು ಹೋದರು. ಮಧ್ಯಾಹ್ನ ಫೋನ್ ಮಾಡಿ, "ಅಕ್ಕಾ, ನಾನು ವಕೀಲರ ಹತ್ತಿರ ಇದ್ದೀನಿ, ಮಗನನ್ನು ಶಾಲೆಯಿಂದ ಕರ್ಕೊಂಡು ಬರ್ತೀರಾ?" ಅಂದಳು. ಓಡಿದೆ. ಕಾರ್ಡಿನಲ್ಲಿ ನನ್ನ ಹೆಸರಿರಲಿಲ್ಲ. ಅವಳ ಫೋನ್ ಆಫ್ ಆಗಿತ್ತು. ಎರಡನೇ ಕ್ಲಾಸಿನ ಹುಡುಗ, ತೊಡೆ ಮೇಲೆ ಬ್ಯಾಗ್ ಇಟ್ಟುಕೊಂಡು ಆಫೀಸಿನ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದ. ಅವಳು ಬಂದು ಕರೆದುಕೊಂಡು ಹೊರಟಾಗ, "ಆಂಟಿ, ಅಪ್ಪ ಎಲ್ಲಿ?" ಅಂದ. "ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ" ಅಂದುಬಿಟ್ಟೆ. ಮೂರು ದಿನಕ್ಕೆ ಇನ್ನೊಬ್ಬ ಹುಡುಗ ಅವನಿಗೆ ನಿಜ ಹೇಳಿದ. ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ.

ಹುಡುಗ ಇಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ಅವನ ಪಾಸ್‌ಪೋರ್ಟ್ ಮುಗಿದಿತ್ತು. 16 ವರ್ಷದೊಳಗಿನವರಿಗೆ ಹೊಸ ಪಾಸ್‌ಪೋರ್ಟ್ ಬೇಕಾದರೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಬೇಕು. ಅಪ್ಪ ಒಳಗಿದ್ದರು. ನೋಟರಿಯ ಮುಂದೆ ಅವರ ಸಹಿ ಹಾಕಿಸುವಷ್ಟರಲ್ಲಿ ವಾರಗಳು ಹೋದವು. ವೀಸಾನೋ, ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡೋ ಇಲ್ಲದೆ ಆ ಮಗು ಭಾರತಕ್ಕೆ ಕಾಲಿಡುವಂತಿರಲಿಲ್ಲ. ಅಪ್ಪನನ್ನು ಮೊದಲೇ ಕಳಿಸಿಬಿಟ್ಟರು. ಮಗ ಅವರಿಗೆ ಟಾಟಾ ಕೂಡ ಮಾಡಲಿಲ್ಲ.

ಯಾರನ್ನು ಇರಿಸಿಕೊಳ್ಳಬೇಕು, ಯಾರನ್ನು ವಾಪಸ್ ಕಳಿಸಬೇಕು ಅನ್ನೋದು ಆ ದೇಶಕ್ಕೆ ಬಿಟ್ಟಿದ್ದು. ಆದರೆ ಅಪ್ಪನನ್ನು ಕಳಿಸುವ ಮುಂಚೆ ಮಗುವಿಗೆ ಒಂದು ಸಲ ಮುಖ ತೋರಿಸಲು ಅರ್ಧ ಗಂಟೆ ಸಾಕಿತ್ತು. 2025ರ ಫೆಬ್ರುವರಿ 5ರಂದು ಅಮೆರಿಕದ ಸೈನ್ಯದ ವಿಮಾನದಲ್ಲಿ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿದರು. ಕೈಕಾಲಿಗೆ ಬೇಡಿ ಹಾಕಿದ್ದರು ಅಂತ ಬಂದವರು ಹೇಳಿದರು. ಆ ವಿಮಾನದಲ್ಲಿ ಮಕ್ಕಳೂ ಇದ್ದರು. ದೊಡ್ಡವರನ್ನು ಹಾಗೆ ಕಂಡ ಮಕ್ಕಳು ಅದನ್ನು ಮರೆಯುತ್ತಾರಾ?

ಅದಕ್ಕೇ ಹೇಳುತ್ತೇನೆ, ಕಾರ್ಡಿನಲ್ಲಿ ಎರಡು ಹೆಸರು ಬರೆಯಿರಿ. ಅವರಿಗೂ ತಿಳಿಸಿ. ಮಗುವಿಗೆ ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಇಲ್ಲಿ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್, ಓಸಿಐ ಈಗಲೇ ಮಾಡಿಸಿಡಿ. ಯಾರಾದರೂ ಬಾಗಿಲು ತಟ್ಟಿದರೆ, ತೆಗೆಯುವ ಮುಂಚೆ ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಇದೆಯಾ ಅಂತ ಕೇಳಿ. ಹಿಡಿದರೆ ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಶಾಲೆಗಳ ಹತ್ತಿರ ಹಿಡಿಯಬಾರದು ಅನ್ನುವ ಹಳೆಯ ಸೂಚನೆಯನ್ನು 2025ರ ಜನವರಿಯಲ್ಲಿ ತೆಗೆದುಹಾಕಿದ್ದಾರೆ. ಆ ಭಯಕ್ಕೆ ಮಗುವನ್ನು ಶಾಲೆ ಬಿಡಿಸಬೇಡಿ. ಕಾಗದ ಇಲ್ಲ ಅಂತ ಸರ್ಕಾರಿ ಶಾಲೆಯವರು ಯಾವ ಮಗುವನ್ನೂ ಹೊರಗಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ನಿಮ್ಮ ಕಾಗದ ಸರಿ ಇದ್ದರೆ ಬೇರೆಯವರ ಕಾರ್ಡಿನಲ್ಲಿ ನಿಮ್ಮ ಹೆಸರು ಹಾಕಿಸಿ. ಪಂಕ್ತಿಯಲ್ಲಿ ನಾನು ಆಡಿದಂಥ ಮಾತು ಆಡಬೇಡಿ. ಅದನ್ನು ಕೇಳಿದ ಮೇಲೆ ಯಾರು ತಾನೇ ಬಂದು ಕಷ್ಟ ಹೇಳಿಕೊಳ್ಳುತ್ತಾರೆ? ಮಗು ಕೇಳಿದರೆ ಅದಕ್ಕೆ ಅರ್ಥವಾಗುವಷ್ಟು ನಿಜ ಹೇಳಿ.

ಆ ಹುಡುಗ ಈಗ ಹಾಸನದಲ್ಲಿ ಹೈಸ್ಕೂಲು. ಅವನಮ್ಮ ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಅವನ ಕೈಗೆ ಕೊಡು ಅಂತ ನಾನು ಪ್ರತಿ ಸಲವೂ ಕೇಳುತ್ತೇನೆ.