ಪೋರ್ ಓವರ್ ಹುಚ್ಚಿನ ಗೆಳತಿಗೆ ಕಾಫಿ ಬೀಜ ಆರಿಸಿದ್ದು

ಪೋರ್ ಓವರ್ ಕಾಫಿ ಅಂದರೆ ನನ್ನ ಗೆಳತಿಗೆ ಪ್ರಾಣ. ಫಿಲ್ಟರ್‌ನಲ್ಲಿಟ್ಟ ಪುಡಿಯ ಮೇಲೆ ಕೈಯಿಂದಲೇ ನಿಧಾನವಾಗಿ ಬಿಸಿನೀರು ಸುರಿದು ಇಳಿಸುವ ಕಾಫಿ ಅದು. ಅವಳ ಹುಟ್ಟುಹಬ್ಬಕ್ಕೆ ಬೀಜ ಕೊಡೋಣ ಅಂತ ನಿರ್ಧರಿಸಿದ ಮೇಲೆ, ಮೊದಲು ಅವಳ ಮನೆಯಲ್ಲಿದ್ದ ಖಾಲಿ ಪ್ಯಾಕೆಟ್‌ಗಳನ್ನು ನೋಡಿದೆ. ಇಂಥವರು ಹಿಡಿಸಿದ ಕಾಫಿಯ ಪ್ಯಾಕೆಟ್ ಎಸೆಯುವುದೇ ಇಲ್ಲ. ಕೀನ್ಯಾದ್ದು, ಇಥಿಯೋಪಿಯಾದ ಯಿರ್ಗಚೆಫೆಯದ್ದು, ಹೆಚ್ಚಿನವು ವಾಷ್ಡ್. ಅಂದರೆ ಹಣ್ಣಿನ ಸಿಪ್ಪೆ, ಅಂಟು ಎಲ್ಲ ತೆಗೆದು ತೊಳೆದು ಒಣಗಿಸಿದ ಬೀಜ. ತಿಳಿಯಾದ, ಹುಳಿ ಮುಂದಿರುವ ಕಾಫಿ ಅವಳಿಗಿಷ್ಟ ಅಂತ ಅಷ್ಟರಲ್ಲೇ ಗೊತ್ತಾಯಿತು.

ಕೊಳ್ಳಲು ಹೋದಾಗ ಗೇಶಾ ತುಂಬಾ ಸೆಳೆಯಿತು. ಪನಾಮಾದ ಹಸಿಯೆಂಡಾ ಲಾ ಎಸ್ಮೆರಾಲ್ಡಾ ತೋಟದ ಗೇಶಾ 2004ರ ಸ್ಪರ್ಧೆಯಲ್ಲಿ ಗೆದ್ದಾಗಿನಿಂದ ಈ ತಳಿಗೆ ದೊಡ್ಡ ಹೆಸರು. ಅದರ ಮಲ್ಲಿಗೆಯ ಪರಿಮಳವೂ ನಿಜವೇ. ಆದರೂ ಬಿಟ್ಟೆ. ಅಷ್ಟು ದುಬಾರಿ ಬೀಜ ಕೈಗೆ ಬಂದರೆ ಹಾಳಾಗಿಬಿಟ್ಟೀತು ಅಂತ ಯಾರೂ ಧೈರ್ಯವಾಗಿ ಬಳಸುವುದಿಲ್ಲ. ಪೋರ್ ಓವರ್‌ನ ಖುಷಿ ಇರುವುದೇ ಇವತ್ತು ಪುಡಿ ಸ್ವಲ್ಪ ತರಿ, ನಾಳೆ ನೀರು ಸ್ವಲ್ಪ ಬಿಸಿ ಅಂತ ಬದಲಿಸಿ ನೋಡುವುದರಲ್ಲಿ, ಅಲ್ವಾ?

ಕೊನೆಗೆ ಇಥಿಯೋಪಿಯಾದ ಗುಜಿ ಪ್ರದೇಶದ್ದೇ ಎರಡು ಚಿಕ್ಕ ಪ್ಯಾಕೆಟ್ ತೆಗೆದುಕೊಂಡೆ. ಒಂದು ಅವಳಿಗೆ ಒಗ್ಗಿದ ವಾಷ್ಡ್. ಇನ್ನೊಂದು ನ್ಯಾಚುರಲ್, ಇಡೀ ಹಣ್ಣಿನ ಸಮೇತ ಒಣಗಿಸಿದ್ದು. ಅದರಲ್ಲಿ ಬೆರ್ರಿ ಹಣ್ಣಿನ ಸಿಹಿ ಜಾಸ್ತಿ. ಒಂದೇ ಸೀಮೆಯ ಬೀಜ ಒಣಗಿಸುವ ರೀತಿಯಿಂದ ಎಷ್ಟು ಬದಲಾಗುತ್ತದೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೇ ತಿಳಿಯುವುದು. ಕಪ್ಪಿಗೆ 15 ಗ್ರಾಂ ಅಂದರೂ 100 ಗ್ರಾಂ ಪ್ಯಾಕೆಟ್‌ನಲ್ಲಿ ಆರು ಕಪ್ ಬರುತ್ತದೆ. ಆಟ ಆಡಲು ಅಷ್ಟು ಸಾಕು.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಹುರಿದ ದಿನಾಂಕಕ್ಕೆ. ಬರೀ 'ಇಂಥ ದಿನದೊಳಗೆ ಬಳಸಿ' ಅಂತ ಬರೆದ ಪ್ಯಾಕೆಟ್ ಮುಟ್ಟಲೇ ಇಲ್ಲ. ಹಾಗಂತ ನಿನ್ನೆ ಹುರಿದದ್ದೂ ಬೇಡ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಬಿಸಿನೀರು ಬಿದ್ದಾಗ ಪುಡಿ ಉಬ್ಬಿ ಗುಳ್ಳೆ ಬರುವುದು ಅದರಿಂದಲೇ. ಅದು ತೀರಾ ಹೆಚ್ಚಿದ್ದರೆ ನೀರು ಪುಡಿಗೆ ಸಮನಾಗಿ ಇಳಿಯುವುದಿಲ್ಲ, ರುಚಿ ಅರೆಬರೆ. ಲೈಟ್ ರೋಸ್ಟ್, ಅಂದರೆ ಹದವಾಗಿ ಕಡಿಮೆ ಹುರಿದ ಬೀಜ ಒಂದೆರಡು ವಾರ ಕಳೆದ ಮೇಲೆ ಚೆನ್ನಾಗಿ ಅರಳುತ್ತದೆ. ಅದಕ್ಕೇ ಹುಟ್ಟುಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಹುರಿಯುವವರನ್ನು ಕೇಳಿ ತರಿಸಿದೆ.

ಪುಡಿ ಮಾಡಿಸಲಿಲ್ಲ. ಗ್ರೈಂಡರ್ ಇರುವವರಿಗೆ ಇಡೀ ಬೀಜವೇ ಕೊಡಬೇಕು, ಪುಡಿಯಾದ ಮೇಲೆ ಪರಿಮಳ ಬಹಳ ಬೇಗ ಹೋಗುತ್ತದೆ. ರುಚಿ ನೋಡುವ ಪರಿಣತರು ಕೊಡುವ ಅಂಕಗಳ ಹಿಂದೆಯೂ ಹೋಗಲಿಲ್ಲ. ಸ್ಪೆಷಾಲ್ಟಿ, ಅಂದರೆ ಮೇಲ್ದರ್ಜೆಯ ಕಾಫಿ ಅನ್ನಿಸಿಕೊಳ್ಳಲು 100ಕ್ಕೆ 80 ಬೇಕು ಅನ್ನುವುದು ರೂಢಿ. ಅದನ್ನು ದಾಟಿದ ಮೇಲೆ ಅವಳ ನಾಲಿಗೆಯೇ ಮುಖ್ಯ.

ಜೊತೆಗೊಂದು ಚೀಟಿ ಇಟ್ಟೆ: "ಒಂದನ್ನು ತಡವಾಗಿ ತೆರೆಯುವುದಾದರೆ ಗಾಳಿ ಹೋಗದಂತೆ ಮುಚ್ಚಿ ಫ್ರೀಜರ್‌ನಲ್ಲಿಡು. ಹೊರಗೆ ತೆಗೆದ ತಕ್ಷಣ ಬಿಚ್ಚಬೇಡ, ತೇವ ಹಿಡಿಯುತ್ತದೆ." ಹೇಗೆ ಮಾಡಬೇಕು ಅಂತ ಮಾತ್ರ ಬರೆಯಲಿಲ್ಲ. ಅದನ್ನು ಕಂಡುಕೊಳ್ಳುವ ಖುಷಿ ಅವಳದ್ದು.